ಇದೆ ಅಂದರೆ ಹೋಗ್ತೀನಿ

ಎಲ್ಲ ಶುರುವಾಗಿದ್ದು ಉಪ್ಪಿನಿಂದ.

ನಾವು ನಾಲ್ಕು ಜನ ವಾರ್ಸಾದಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಕಾರಿನಲ್ಲಿ ಕೂತು ಮಝೂರಿಗೆ ಹೋಗಿದ್ದೆವು. ಪೋಲೆಂಡಿನ ಈಶಾನ್ಯದ ಮೂಲೆಯಲ್ಲಿರುವ ಕೆರೆಗಳ ಸೀಮೆ ಅದು. ಕೆರೆ ಅಂದ ಕೂಡಲೇ ನಮ್ಮೂರ ಕೆರೆ ಅಂದುಕೊಳ್ಳಬೇಡಿ. ಅಲ್ಲಿನ ಶ್ನ್ಯಾರ್ದ್ವಿ ಕೆರೆ ಒಂದೇ ಸುಮಾರು 114 ಚದರ ಕಿಲೋಮೀಟರ್. ಇಡೀ ಪೋಲೆಂಡಿಗೇ ದೊಡ್ಡದು. ಅದಕ್ಕೆ ಹತ್ತಿರದ ಮಿಕೊವಾಯ್ಕಿ ಊರಿನ ಹೊರಗೆ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದೆವು. ದೋಣಿಯಲ್ಲಿ ಸುತ್ತೋಣ ಅಂತ ಹೋದದ್ದು. ಕಾರಿನಿಂದ ಇಳಿದ ಗಳಿಗೆಯಿಂದ ಮಳೆ.

ಮಳೆ ಹಿಡಿದರೆ ಇನ್ನೇನು, ಈರುಳ್ಳಿ ಬಜ್ಜಿ. ಸೀನ ಕಡಲೆಹಿಟ್ಟು ವಾರ್ಸಾದಿಂದಲೇ ಕಟ್ಟಿಕೊಂಡು ಬಂದಿದ್ದ. ಉಪ್ಪು ಮರೆತಿದ್ದ. ಹಿಟ್ಟು ಮೆತ್ತಿದ ಎರಡೂ ಕೈ ಮೇಲೆತ್ತಿಕೊಂಡು ಮೆಟ್ಟಿಲ ಮೇಲೆ ನಿಂತು ಮನೆಯೊಡತಿಯನ್ನು ಕೂಗಿದ: "ಪ್ರೊಶೆ ಪಾನಿ! ಸುಲ್!" ಪಾನಿ ಅಂದರೆ ನೀರಲ್ಲ, ಅಮ್ಮಾವ್ರು. ಸುಲ್ ಅಂದರೆ ಉಪ್ಪು.

ಕೆಳಗಿನಿಂದ ಗಟ್ಟಿ ದನಿಯಲ್ಲಿ ಉತ್ತರ ಬಂತು: "ಇದೆ, ಇದೆ!"

ಸೀನ ಒಳಗೆ ಓಡಿ ಬಂದ. ಕಣ್ಣು ಇಷ್ಟಗಲ. "ಲೋ, ಈ ಅಮ್ಮನಿಗೆ ಕನ್ನಡ ಬರುತ್ತೆ!"

ಲಚ್ಚಿ ಚಹಾ ಲೋಟದೊಳಗೇ ನಕ್ಕಳು. ಅವಳು ಪೋಲೆಂಡಿಗೆ ಬಂದು ಆರು ವರ್ಷ. ಸೀನ ಬಂದು ಏಳು ತಿಂಗಳು. ನಾನು ಎರಡರ ನಡುವೆ. ನಾಲ್ಕನೆಯವರು ಮೇಷ್ಟ್ರು. ತೀರ್ಥಹಳ್ಳಿ ಕಡೆಯವರು, ಹೈಸ್ಕೂಲಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ವಾರ್ಸಾದಲ್ಲಿರುವ ಮಗನ ಮನೆಗೆ ಮೂರು ತಿಂಗಳಿಗೆ ಬಂದಿದ್ದರು. ಮಗನಿಗೆ ರಜೆ ಸಿಗದೆ ನಮ್ಮ ಜೊತೆ ಕಳಿಸಿದ್ದ.

"ಅದು ನಮ್ಮ 'ಇದೆ' ಅಲ್ಲ ಕಣೋ" ಅಂದಳು ಲಚ್ಚಿ. "ಪೋಲಿಷಿನಲ್ಲಿ 'ಇದೆ' ಅಂದರೆ 'ಹೋಗ್ತೀನಿ' ಅಂತ. ನಡಕೊಂಡು ಹೋಗ್ತೀನಿ."

"ಹೋಗ್ತೀನಾ? ನಾನು ಉಪ್ಪು ಕೇಳಿದರೆ ಆಕೆ ಎಲ್ಲಿಗೆ ಹೋಗೋದು?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮನೆಯೊಡತಿ ಉಪ್ಪಿನ ಡಬ್ಬಿ ಹಿಡಿದು ಬಂದರು. ಬಾಗಿಲಲ್ಲಿ ನಿಂತು ಮತ್ತೆ ಅದೇ ಮಾತು, "ಯುಶ್ ಇದೆ!" ಸೀನನ ಹಿಟ್ಟಿನ ಕೈ ನೋಡಿ ತಾವೇ ಚಿಟಿಕೆ ಉಪ್ಪು ಉದುರಿಸಿ ಇಳಿದು ಹೋದರು.

"ನೋಡಿದೆಯಾ, 'ಹೋದೆ ಹೋದೆ' ಅಂತ ಹೇಳಿ ಬಂದರು" ಅಂದರು ಮೇಷ್ಟ್ರು. ಅವರಿಗೆ ಖುಷಿಯಾಗಿಬಿಟ್ಟಿತ್ತು. "ನಾವು ಮಾಡೋದೇನು? ಯಾರಾದರೂ ಕರೆದರೆ ಕೂತ ಜಾಗದಿಂದ ಏಳೋದೂ ಇಲ್ಲ, 'ಬಂದೆ ಬಂದೆ' ಅಂತೀವಿ. ಬಂದಾಯ್ತು ಅನ್ನೋ ಹಾಗೆ. ಇವರೇ ವಾಸಿ ಮಾರಾಯ. ಎದ್ದ ಮೇಲೆ ಹೇಳ್ತಾರೆ."

ಲಚ್ಚಿ ಅಲ್ಲಿಗೇ ನಿಲ್ಲಿಸಿದ್ದರೆ ಬಜ್ಜಿ ತಿಂದು ಮಲಗುತ್ತಿದ್ದೆವು. ಅವಳು ನಿಲ್ಲಿಸಲಿಲ್ಲ. ಈ ಜನ 'ಹೋಗು' ಅನ್ನೋ ಒಂದು ಮಾತಿಗೆ ನಾಲ್ಕು ಕ್ರಿಯಾಪದ ಇಟ್ಟುಕೊಂಡಿದ್ದಾರೆ ಅಂತ ಶುರು ಮಾಡಿದಳು. ಈಗ ನಡಕೊಂಡು ಹೋಗ್ತಿದ್ದರೆ 'ಈಶ್ಚ್'. ದಿನಾ ಹೋಗಿ ಬಂದು ಮಾಡಿದರೆ 'ಹೊಜಿಚ್'. ಗಾಡಿಯಲ್ಲಿ ಕೂತು ಈಗ ಹೋಗ್ತಿದ್ದರೆ 'ಯೆಹಾಚ್'. ದಿನಾ ಗಾಡಿಯಲ್ಲಿ ಹೋಗೋದಾದರೆ 'ಯೆಝ್ಜಿಚ್'.

"ಅಂದರೆ ಬಾಯಿ ತೆಗೆಯೋ ಮುಂಚೆ ನನ್ನ ಹತ್ತಿರ ಕಾರಿದೆಯೋ ಇಲ್ಲವೋ ನೋಡಿಕೊಳ್ಳಬೇಕು" ಅಂದ ಸೀನ.

"ನೋಡಿಕೊಳ್ಳದೆ ತಾನೇ ನೀನು ಆಫೀಸಲ್ಲಿ ಹಾಗೆ ಹೇಳಿದ್ದು?"

ಅದು ನಮಗೆಲ್ಲ ಗೊತ್ತಿದ್ದ ಕತೆ. ಆದರೂ ಮೇಷ್ಟ್ರಿಗಾಗಿ ಇನ್ನೊಂದು ಸಲ ಹೇಳಲೇಬೇಕಾಯಿತು. ಡಿಸೆಂಬರಿನಲ್ಲಿ ಸೀನ ರಜೆ ಹಾಕಿ ಊರಿಗೆ ಹೊರಟಿದ್ದ. ಪಕ್ಕದ ಮೇಜಿನವರು ಎಲ್ಲಿಗೆ ಅಂತ ಕೇಳಿದಾಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: "ಇದೆ ದೊ ಇಂದ್ಯಿ." ನಾನು ಇಂಡಿಯಾಕ್ಕೆ ನಡಕೊಂಡು ಹೋಗ್ತಿದ್ದೀನಿ. ವಾರ್ಸಾದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಆರೂವರೆ ಸಾವಿರ ಕಿಲೋಮೀಟರ್ ಮೇಲಾಗುತ್ತೆ. ಆ ಮನುಷ್ಯ ನಗಲಿಲ್ಲ. ಇವನ ಬೂಟು ನೋಡಿದ. "ಇನ್ನೊಂದು ಜೊತೆ ತಗೊಂಡು ಹೋಗು" ಅಂದ.

"ಅದು ಪರವಾಗಿಲ್ಲ" ಅಂದ ಸೀನ, ಬಜ್ಜಿ ಎಣ್ಣೆಗೆ ಬಿಡುತ್ತಾ. "ಮ್ಯಾನೇಜರಮ್ಮನ ವಿಷಯ ಮಾತ್ರ ಎತ್ತಬೇಡಿ."

ಎತ್ತದೆ ಇರೋಕಾಗುತ್ತಾ? ಮಧ್ಯಾಹ್ನ ಊಟ ಆದ ಮೇಲೆ ಸೀನ ಮತ್ತು ಅವನ ಮ್ಯಾನೇಜರಮ್ಮ ಪಾರ್ಕಿನಲ್ಲಿ ಹತ್ತು ನಿಮಿಷ ನಡೆಯುತ್ತಾರೆ. ಡಾಕ್ಟರು ಹೇಳಿದ್ದಕ್ಕೆ. ದಿನಾ ನಡೆಯೋದಲ್ವಾ, ಅದಕ್ಕೆ ಇವನು ಸರಿಯಾಗಿಯೇ 'ಹೊಜಿಚ್' ಬಳಸಿ, "ನಾನು ನಮ್ಮ ಮ್ಯಾನೇಜರ್ ಜೊತೆ ನಡೀತೀನಿ" ಅಂತ ಎಲ್ಲರ ಮುಂದೆ ಹೇಳಿದ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಪೋಲಿಷಿನಲ್ಲಿ ಒಬ್ಬರ ಜೊತೆ 'ನಡೆಯೋದು' ಅಂದರೆ ಅವರ ಜೊತೆ ಪ್ರೀತಿ ಪ್ರೇಮ ಅಂತ ಓಡಾಡೋದು. ಆಕೆಗೆ ಮದುವೆಯಾಗಿ ಇಬ್ಬರು ಮಕ್ಕಳು. ಈಗ ಸೀನ ಒಬ್ಬನೇ ನಡೆಯುತ್ತಾನೆ.

ಮೇಷ್ಟ್ರು ಬಜ್ಜಿ ನುಂಗಲಾರದೆ ಕೆಮ್ಮಿದರು.

ಮಾರನೆಯ ದಿನ ಬೆಳಿಗ್ಗೆ ಸ್ವಲ್ಪ ಬಿಸಿಲು. ಮಿಕೊವಾಯ್ಕಿಯಿಂದ ಜನರನ್ನು ಕೂರಿಸಿಕೊಂಡು ರುಚಾನೆ-ನಿದಾ ಕಡೆಗೆ ಹಡಗು ಹೋಗುತ್ತದೆ. ನಾವು ಮೂವರು ಮೊದಲು ಹತ್ತಿದೆವು. ಸೀನ ಐಸ್‌ಕ್ರೀಮ್ ತರಲು ಹೋಗಿ ಕೊನೆಗೆ ಬಂದ. ಹಲಗೆ ಎಳೆಯಲು ನಿಂತಿದ್ದ ಹುಡುಗ ಕೇಳಿದ: "ಪಾನ್ ಪ್ವಿನ್ಯೆ?" ಸೀನ ಫೋನ್ ತೆಗೆದು ಪದ ಹುಡುಕಿದ. 'ಈಜು' ಅಂತ ಬಂತು. ನೀವು ಈಜ್ತೀರಾ? ಸೀನನಿಗೆ ಈಜು ಬರುವುದಿಲ್ಲ. ಎರಡೂ ಕೈ ಆಡಿಸಿ "ನ್ಯೆ, ನ್ಯೆ!" ಅಂದ. ಹುಡುಗ ಹಲಗೆ ಎಳೆದ. ಹಡಗು ಹೊರಟಿತು. ಎರಡು ಕೈಯಲ್ಲಿ ನಾಲ್ಕು ಐಸ್‌ಕ್ರೀಮ್ ಹಿಡಿದ ಸೀನ ದಡದಲ್ಲಿ ಸಣ್ಣಗಾಗುತ್ತಾ ಹೋದ.

ವಿಷಯ ಇಷ್ಟೇ. ನೀರಿನ ಮೇಲೆ ಹೋಗುವುದಕ್ಕೆ ಇವರಿಗೆ ಇನ್ನೊಂದು ಕ್ರಿಯಾಪದ. ಮನುಷ್ಯ ಈಜಿದರೂ ಅದೇ, ಹಡಗಿನಲ್ಲಿ ಕಾಲು ಚಾಚಿ ಕೂತು ಹೋದರೂ ಅದೇ, ಹೊಳೆ ಹರಿದರೂ ಅದೇ. ಕೆರೆಗಳ ಸೀಮೆಯಲ್ಲಿ ಆ ಒಂದು ಮಾತು ಗೊತ್ತಿಲ್ಲದೆ ಹೋದರೆ ದಡವೇ ಗತಿ. ಸಂಜೆ ನಾವು ವಾಪಸ್ ಬಂದಾಗ ಸೀನ ಸೇತುವೆ ಹತ್ತಿರ ಕೂತಿದ್ದ. ನಾಲ್ಕೂ ಐಸ್‌ಕ್ರೀಮ್ ತಿಂದಿದ್ದ.

"ಇಲ್ಲಿ ನನ್ನಂಥವನು ಇನ್ನೊಬ್ಬ ಇದ್ದಾನೆ" ಅಂದ. ಕಿರೀಟ ತೊಟ್ಟ ಮೀನು. ಮಿಕೊವಾಯ್ಕಿಯ ಗುರುತೇ ಆ ಮೀನು, ಮೀನುಗಳ ರಾಜ. ಬಲೆ ಹರಿದು, ದೋಣಿ ಮುಗುಚಿ ಊರಿಗೆ ಕಾಟ ಕೊಡುತ್ತಿದ್ದನಂತೆ. ಕೊನೆಗೆ ಸಿಕ್ಕಿಬಿದ್ದಾಗ, ಪ್ರಾಣ ಉಳಿಸಿದರೆ ನಿಮ್ಮ ಬಲೆ ತುಂಬಾ ಮೀನು ಕೊಡ್ತೀನಿ ಅಂದನಂತೆ. ಜನ ಕೊಲ್ಲಲಿಲ್ಲ. ಬಿಡಲೂ ಇಲ್ಲ. ಸೇತುವೆಗೆ ಸರಪಳಿ ಹಾಕಿ ಕಟ್ಟಿದರಂತೆ. "ಅವನಿಗೆ ಈಜು ಬರುತ್ತೆ. ನನಗೆ ಬರಲ್ಲ. ಇಬ್ಬರೂ ಇಲ್ಲೇ."

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಮನೆಯೊಡತಿಗೆ ಏಳು ವರ್ಷದ ಮೊಮ್ಮಗ. ಗೇಟಿನಲ್ಲಿ ಸೀನನನ್ನು ಕಂಡವನೇ ಕೈ ಬೀಸಿ "ಹೊಚ್! ಹೊಚ್!" ಅಂದ. ಸೀನನಿಗೆ ಹಿಂದಿನ ರಾತ್ರಿಯ ಪಾಠ ನೆನಪಿತ್ತು. ಹೊಜಿಚ್ ಅಂದರೆ ಹೋಗೋದು. ಹಾಗಾದರೆ ಹೊಚ್ ಅಂದರೆ 'ಹೋಗು'. ಪಾಪ, ಮುಖ ಸಪ್ಪೆ ಮಾಡಿಕೊಂಡು ಹಿಂದೆ ತಿರುಗಿ ರಸ್ತೆಗೆ ಹೋಗಿ ನಿಂತ. ಹುಡುಗ ಇನ್ನೂ ಜೋರಾಗಿ "ಹೊಚ್!" ಅಂದ. ಸೀನ ಇನ್ನೂ ಹತ್ತು ಹೆಜ್ಜೆ ಹೋದ. ಕೊನೆಗೆ ಹುಡುಗನೇ ಓಡಿ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡು ದೊಡ್ಡವರ ಹಾಗೆ ಕೇಳಿದ: "ಓ ತ್ಸೊ ಚಿ ಹೊಜಿ?"

ಲಚ್ಚಿ ಬೇಲಿ ಹಿಡಿದುಕೊಂಡು ಕೂತುಬಿಟ್ಟಳು. ನಗು ನಿಂತ ಮೇಲೆ ಹೇಳಿದಳು. 'ಹೊಜಿಚ್' ಅಂದರೆ ಹೋಗೋದು, ನಡೆಯೋದು ಸರಿ. ಆದರೆ ಅದರಲ್ಲಿ ಅಪ್ಪಣೆ ಕೊಟ್ಟರೆ, 'ಹೊಚ್' ಅಂದರೆ, 'ಬಾ'! ಹೋಗು ಅನ್ನಬೇಕಾದರೆ ಇನ್ನೊಂದು ಕ್ರಿಯಾಪದ ಹಿಡಿದು 'ಇಚ್' ಅನ್ನಬೇಕು. ಹುಡುಗ ಕರೆದದ್ದು ಬೆಕ್ಕಿನ ಮರಿ ತೋರಿಸೋಕೆ.

"ಹೋಗು ಅಂದರೆ ಬಾ. ಬರ್ತೀನಿ ಅನ್ನೋಕೆ ಹೋಗ್ತೀನಿ. ಈ ದೇಶದಲ್ಲಿ ಯಾರಾದರೂ ಯಾರ ಮನೆಗಾದರೂ ತಲುಪಿದ್ದಾರಾ?" ಅಂದ ಸೀನ.

"ನಮ್ಮ 'ನಡಿ' ಏನು ಕಮ್ಮಿಯಾ?" ಅಂದರು ಮೇಷ್ಟ್ರು. "ಹೆಂಡತಿ ಗಂಡನಿಗೆ 'ನಡೀರಿ' ಅಂದರೆ ಹೊರಡೋಣ ಅಂತ. ಪೊಲೀಸು 'ನಡಿ ನಡಿ' ಅಂದರೆ ತೊಲಗು ಅಂತ. ಗಡಿಯಾರ ನಡೆಯುತ್ತೆ, ಮದುವೆ ನಡೆಯುತ್ತೆ, ನಿನ್ನ ಆಟ ನಡೆಯಲ್ಲ. ಆಮೇಲೆ ಆ ಹುಡುಗ ಏನೋ ಕೇಳಿದನಲ್ಲ, ಓ ತ್ಸೊ ಅಂತ?"

"ಓ ತ್ಸೊ ಚಿ ಹೊಜಿ. ಪದ ಪದ ಬಿಡಿಸಿದರೆ, ಯಾವುದರ ಬಗ್ಗೆ ನಿನಗೆ ನಡೆಯುತ್ತೆ? ಅರ್ಥ, ನಿನ್ನ ಸಮಾಚಾರ ಏನು, ಏನಾಗಿದೆ ನಿನಗೆ."

"ಹಾಗಾದರೆ ನಮ್ಮ 'ಏನ್ ನಡೀತಿದೆ ಇಲ್ಲಿ?' ಅದೇ ಆಯ್ತಲ್ಲ!" ಮೇಷ್ಟ್ರು ತೊಡೆ ತಟ್ಟಿದರು. ಜೇಬಿನಿಂದ ಪುಟ್ಟ ನೋಟ್‌ಬುಕ್ ಹೊರಬಂತು. ಅವರು ನೋಟ್‌ಬುಕ್ ತೆಗೆದರೆ ಆ ಸಂಜೆ ಯಾರಿಗೂ ಬಿಡುಗಡೆ ಇಲ್ಲ.

ಹೊಜಿಚ್ ಅನ್ನೋದಕ್ಕೆ ಮುಂದೆ ಏನಾದರೂ ಒಂದು ತುಣುಕು ಹಚ್ಚಿದರೆ ಸಾಕು, ಹೊಸ ಪದ. "ನಮ್ಮ ಕ್ರಿಯಾಪದಕ್ಕೆ ಬಾಲ ಜಾಸ್ತಿ, ಹೋಗಿಬಿಟ್ಟಿದ್ದನಂತೆ ಅನ್ನೋ ಹಾಗೆ. ಇವರದಕ್ಕೆ ಟೋಪಿ ಜಾಸ್ತಿ" ಅಂದಳು ಲಚ್ಚಿ. ಲೆಕ್ಕದ ಪುಸ್ತಕದಲ್ಲಿ ಒಳಗೆ ನಡೆದು ಬಂದದ್ದು 'ದೊಹುತ್', ಆದಾಯ. ಚೆದುರಿ ನಡೆದು ಹೋದದ್ದು 'ರೊಸ್‌ಹುತ್', ಖರ್ಚು. ತಾನೇ ನಡೆಯೋದು 'ಸಮೊಹುತ್', ಅಂದರೆ ಕಾರು. ಹಳ್ಳಿ ಮನೆ ಹಿತ್ತಲಿನಲ್ಲಿ ಮರದ ಗೂಡಿನ ಕಕ್ಕಸು ಇರುತ್ತಿತ್ತಲ್ಲ, ಅದು 'ವಿಹೊದೆಕ್'. ಹೊರಗೆ ಹೋಗೋ ಜಾಗ.

"ಅಯ್ಯೋ, ನಮ್ಮಜ್ಜಿಯೂ ಹಾಗೇ ಹೇಳೋದು. 'ಹೊರಗೆ ಹೋಗಿದ್ದಾನೆ' ಅಂತ" ಅಂದ ಸೀನ. ಅವನಿಗೆ ಮೊದಲ ಸಲ ಈ ಭಾಷೆ ಮೇಲೆ ಪ್ರೀತಿ ಬಂದ ಹಾಗಿತ್ತು.

"ದಿಕ್ಕು ಕೇಳಿ ಮೇಷ್ಟ್ರೇ" ಅಂದಳು ಲಚ್ಚಿ. "ಪೂರ್ವ ಅಂದರೆ 'ಫ್ಸ್‌ಹುತ್', ಸೂರ್ಯ ಮೇಲೆ ನಡೆದು ಬರೋ ಕಡೆ. ಪಶ್ಚಿಮ 'ಝಾಹುತ್', ಹಿಂದಕ್ಕೆ ಮರೆಯಾಗಿ ನಡೆಯೋ ಕಡೆ."

"ಮೂಡಣ, ಪಡುವಣ" ಅಂದರು ಮೇಷ್ಟ್ರು ಮೆಲ್ಲಗೆ. "ಮೂಡೋದು, ಪಡೋದು. ನಮ್ಮದೂ ಕ್ರಿಯಾಪದವೇ ಅಲ್ವಾ." ಬರೆದುಕೊಂಡರು.

ಅವರನ್ನು ಕೆಡವಿದ್ದು ಹುಟ್ಟುಹಬ್ಬ. ಹಬ್ಬ ಆಚರಿಸೋದಕ್ಕೆ ಪೋಲಿಷಿನಲ್ಲಿ 'ಒಪ್‌ಹೊಜಿಚ್'. ಸುತ್ತ ನಡೆಯೋದು. ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಪ್ರದಕ್ಷಿಣೆ!" ಅಂದರು. "ಹುಟ್ಟುಹಬ್ಬಕ್ಕೆ ಪ್ರದಕ್ಷಿಣೆ ಹಾಕ್ತಾರೆ!"

"ನಿಲ್ಲಿ ಮೇಷ್ಟ್ರೇ, ಅದೇ ಪದಕ್ಕೆ 'ನನಗೇನು ಆಗಬೇಕು' ಅನ್ನೋ ಅರ್ಥವೂ ಇದೆ. 'ಅದು ನನ್ನ ಸುತ್ತ ನಡೆಯಲ್ಲ' ಅಂದರೆ, ನನಗೆ ಅದರ ಗೊಡವೆ ಇಲ್ಲ ಅಂತ."

"ಬಾಸ್ ಹುಟ್ಟುಹಬ್ಬಕ್ಕೆ ಎರಡೂ ಅರ್ಥ ಒಟ್ಟಿಗೆ ಬಳಸಬಹುದು" ಅಂದ ಸೀನ.

ಲಚ್ಚಿಯ ಕತೆ ಹೇಳದೆ ಬಿಟ್ಟರೆ ಅನ್ಯಾಯ. ಅವಳು ಎಲ್ಲರಿಗೂ ಪಾಠ ಹೇಳುತ್ತಾಳೆ, ಆದರೆ ಅವಳು ಮೊದಲ ವಾರ ಅತ್ತದ್ದು ನನಗೆ ಗೊತ್ತು. ಕಾಗದದಲ್ಲಿ ಅವಳು ಲಕ್ಷ್ಮಿ. ಲಚ್ಚಿ ಅನ್ನೋದು ಅಪ್ಪ ಅಮ್ಮ, ಅಜ್ಜಿ ಮತ್ತು ನಾವು ಮಾತ್ರ. ಕೆಲಸಕ್ಕೆ ಸೇರಿದ ಎರಡನೆಯ ದಿನ, ಕಾಫಿ ಯಂತ್ರದ ಹತ್ತಿರ ಒಬ್ಬ ಅಪರಿಚಿತ ಪೋಲಿಷ್ ಮನುಷ್ಯ ಇವಳ ಸಪ್ಪೆ ಮುಖ ನೋಡಿ ಅಕ್ಕರೆಯಿಂದ ಕೇಳಿದ: "ಯಾಕ್ ಲೆಚಿ?"

ಯಾಕ್ ಲಚ್ಚಿ!

ಮನೆ ಬಿಟ್ಟು ಬಂದು ಒಂದು ವಾರವಾಗಿಲ್ಲ. ಅಜ್ಜಿ ಕೇಳಿದ ಹಾಗೇ ಕೇಳಿದ್ದಾನೆ. ಇವಳಿಗೆ ಕಣ್ಣು ತುಂಬಿ ಬಂದು, ಕನ್ನಡದಲ್ಲೇ "ಏನಿಲ್ಲ, ಸುಮ್ನೆ" ಅಂದಳು. ಆತ ಗಾಬರಿಯಾಗಿ ಟಿಶ್ಯೂ ತಂದುಕೊಟ್ಟ. 'ಯಾಕ್' ಅಂದರೆ ಅವರಲ್ಲಿ 'ಹೇಗೆ'. 'ಲೆಚಿ' ಅಂದರೆ 'ಹಾರುತ್ತೆ'. ಹೇಗೆ ಹಾರ್ತಿದೆ? ಅಂದರೆ, ಹೇಗಿದೀಯಾ ಅಷ್ಟೇ. ಅದಕ್ಕೆ ಪೋಲಿಷ್ ಜನ "ಅದೇ ಹಳೇ ಬಡತನ" ಅಂತ ಉತ್ತರ ಕೊಟ್ಟು ಕಾಫಿ ತಗೊಂಡು ಹೋಗ್ತಾರೆ. ಯಾರೂ ಅಳಲ್ಲ.

ಆ 'ಲೆಚೆಚ್' ಇನ್ನೊಂದು ಮಹಾ ಕ್ರಿಯಾಪದ. ಹಕ್ಕಿ, ವಿಮಾನ ಹಾರಿದರೆ ಸರಿ. ಆದರೆ ನಲ್ಲಿಯಲ್ಲಿ ನೀರು ಹಾರುತ್ತೆ. ಮೂಗಿನಿಂದ ರಕ್ತ ಹಾರುತ್ತೆ. ಟಿವಿಯಲ್ಲಿ ಸಿನಿಮಾ ಹಾರುತ್ತೆ. ತಡವಾಯ್ತು ಅಂದರೆ "ಹಾರ್ತೀನಿ" ಅಂತ ಬಸ್ ಸ್ಟಾಪಿಗೆ ಓಡ್ತಾರೆ. ಯೆಹಾಚ್ ಕೂಡ ಸುಮ್ನೆ ಗಾಡಿಯಲ್ಲಿ ಹೋಗಿ ಇಳಿಯೋ ಪೈಕಿ ಅಲ್ಲ. ಒಬ್ಬನಿಂದ ಬೆಳ್ಳುಳ್ಳಿ 'ಗಾಡಿಯಲ್ಲಿ ಹೋಗ್ತಿದೆ' ಅಂದರೆ ಅವನ ಬಾಯಿ ನಾರ್ತಿದೆ ಅಂತ. ಸೀನ ಮೊಮ್ಮಗನಿಗೆ, ನಾನು ಇಂಡಿಯಾದಿಂದ ನಡಕೊಂಡೇ ಬಂದೆ ಅಂತ ಬುರುಡೆ ಬಿಟ್ಟಾಗ ಆ ಹುಡುಗ ಏನು ಮಾಡಿದ ಗೊತ್ತಾ? ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿ, "ಇಲ್ಲಿ ಯುದ್ಧದ ಟ್ಯಾಂಕ್ ಹೋಗ್ತಿದೆಯಾ ನೋಡು" ಅಂದ. ನಂಬಲ್ಲ ಅನ್ನೋಕೆ ಅವರ ರೀತಿ ಅದು. ನಮ್ಮ 'ಕಿವಿಗೆ ಹೂವು'. ಅವರು ಕಣ್ಣಲ್ಲಿ ಟ್ಯಾಂಕ್ ಓಡಿಸುತ್ತಾರೆ. ಆ ನೆಲದ ಮೇಲೆ ಓಡಿದ ಟ್ಯಾಂಕುಗಳ ಲೆಕ್ಕ ನೋಡಿದರೆ ಆಶ್ಚರ್ಯವೇನಿಲ್ಲ.

ಮದುವೆ ವಿಷಯಕ್ಕೆ ಬಂದಾಗ ಜಗಳವೇ ಆಯಿತು. ಹೆಣ್ಣು ಮದುವೆಯಾದರೆ 'ಗಂಡನ ಹಿಂದೆ ಹೊರಟು ಹೋದಳು' ಅನ್ನುತ್ತಾರೆ. ಗಂಡಿಗೆ ಆ ಹೋಗೋ ಬರೋ ರಗಳೆ ಇಲ್ಲ, ಬೇರೆಯೇ ಪದ. "ನೋಡಿ, ನಡೆಯೋ ಕೆಲಸ ನಮಗೆ" ಅಂದಳು ಲಚ್ಚಿ. ಮೇಷ್ಟ್ರು "ನಮ್ಮಲ್ಲೂ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ" ಅಂದು, ಅಂದ ಮೇಲೆ ಅನ್ನಬಾರದಿತ್ತು ಅಂತ ಅವರಿಗೇ ಗೊತ್ತಾಗಿ ಬಜ್ಜಿ ತಟ್ಟೆ ಅವಳ ಕಡೆ ತಳ್ಳಿದರು.

ಮಾತು ಬದಲಿಸೋಕೆ ನಾನು ಝಾಬ್ವೋತ್ಸ್ಕಿಯನ್ನು ತಂದೆ. ಕೆಲಸ ಹೇಗಾಯ್ತು, ಲಾಭವೋ ನಷ್ಟವೋ ಅನ್ನೋದಕ್ಕೂ 'ಹೊರಗೆ ಬಂದ' ಅನ್ನೋದೇ ಪದ. ಫೋಟೋ ಚೆನ್ನಾಗಿ ಬರದಿದ್ದರೆ ಫೋಟೋ 'ಹೊರಗೆ ಬರಲಿಲ್ಲ'. ಪೂರ್ತಿ ಮುಳುಗಿದವನಿಗೆ ಒಂದು ಗಾದೆ: 'ಸೋಪಿನಲ್ಲಿ ಝಾಬ್ವೋತ್ಸ್ಕಿ ಹೊರಗೆ ಬಂದ ಹಾಗೆ ಬಂದ'. ಕತೆ ಏನೆಂದರೆ, ಝಾಬ್ವೋತ್ಸ್ಕಿ ಅನ್ನೋ ಜಮೀನ್ದಾರ ವಿಸ್ತುಲಾ ನದಿಯಲ್ಲಿ ದೋಣಿ ತುಂಬ ಸೋಪು ಸಾಗಿಸಲು ಹೊರಟ. ದಾರಿಯಲ್ಲಿ ಸುಂಕದ ಕಟ್ಟೆ. ಸುಂಕ ತಪ್ಪಿಸಲು ಸೋಪಿನ ಪೆಟ್ಟಿಗೆಗಳನ್ನು ದೋಣಿಯ ಕೆಳಗೆ ನೀರಿನಲ್ಲಿ ಮುಳುಗಿಸಿ ಎಳೆದುಕೊಂಡು ಹೋದ. ಸುಂಕದವನು ನೋಡಲಿಲ್ಲ. ತಲುಪಿದ ಮೇಲೆ ಪೆಟ್ಟಿಗೆ ತೆಗೆದರೆ ಬರೀ ನೊರೆ.

"ಸುಂಕ ಉಳಿಯಿತಲ್ಲ" ಅಂದ ಸೀನ.

ಮೂರನೆಯ ದಿನ ಸಂಜೆ ಪಕ್ಕದ ಮನೆಯ ಅಜ್ಜಿ ಬಂದರು. ಎಂಬತ್ತೈದು ದಾಟಿದವರು. ಹೊಗೆಯಲ್ಲಿ ಒಣಗಿಸಿದ ಮೀನು ತಂದಿದ್ದರು. ಮೇಷ್ಟ್ರು ಮೀನು ತಿನ್ನುವುದಿಲ್ಲ, ಆದರೂ ಎದ್ದು ನಿಂತು ಕೈ ಮುಗಿದರು. ಮನೆಯೊಡತಿ ಮೆಲ್ಲಗೆ ಹೇಳಿದರು, "ಈಕೆ ಇಲ್ಲಿಯವರೇ. ಹಳೇ ಮಝೂರಿಯವರು. ನಮ್ಮಜ್ಜ ಅಜ್ಜಿ ಬಂದದ್ದು 1945 ಆದ ಮೇಲೆ, ವಿಲ್ನೋ, ಅಂದರೆ ಈಗಿನ ಲಿಥುವೇನಿಯಾದ ವಿಲ್ನಿಯಸ್ ಕಡೆಯಿಂದ."

ಅಜ್ಜಿಯ ಮಾತು ಲಚ್ಚಿಗೂ ತಟ್ಟನೆ ತಿಳಿಯಲಿಲ್ಲ. ಮಝೂರಿ ಮಾತಿನಲ್ಲಿ ಪೋಲಿಷಿನ 'ಶ' ಎಲ್ಲ 'ಸ', 'ಚ' ಎಲ್ಲ 'ತ್ಸ'. ನಮ್ಮಲ್ಲಿ ಶಂಕರ ಸಂಕರ ಆಗುವ ಹಾಗೆ. ಅಜ್ಜಿ ಚಿಕ್ಕಂದಿನ ಕತೆ ಹೇಳುತ್ತಾ "ಕ್ರೋವಾ ಪೊಸ್ವಾ" ಅಂದರು. ಕ್ರೋವಾ ಅಂದರೆ ಹಸು. ಪೊಸ್ವಾ? ಲಚ್ಚಿ ಫೋನಿನ ನಿಘಂಟಿನಲ್ಲಿ ಹುಡುಕಿ ತಬ್ಬಿಬ್ಬಾದಳು. "ಎಂಪಿಯ ಹಸು... ಕಾಡಿನೊಳಕ್ಕೆ..."

"ಯಾವ ಎಂಪಿ?" ಅಂದ ಸೀನ. "ಯಾವ ಪಾರ್ಟಿ?"

ಮನೆಯೊಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಪಿ ಯಾರೂ ಇಲ್ಲ. 'ಹೋಯಿತು' ಅನ್ನೋದಕ್ಕೆ ಪೋಲಿಷಿನಲ್ಲಿ 'ಪೊಶ್ವಾ'. ಅಜ್ಜಿಯ ಬಾಯಲ್ಲಿ ಅದು 'ಪೊಸ್ವಾ'. ಹಸು ಹೋಯಿತು ಅಷ್ಟೇ. ಪುಸ್ತಕದ ಪೋಲಿಷಿನಲ್ಲಿ ಪೊಸ್ವಾ ಅಂದರೆ 'ಸಂಸದನ'. ಒಂದು ಶಕಾರ ತಪ್ಪಿದ್ದಕ್ಕೆ ಬಡ ಹಸು ರಾಜಕೀಯಕ್ಕೆ ಸೇರಿತ್ತು.

"ಇದು ನೋಡಿ, ಪುಸ್ತಕ ನೋಡಿ ಮಾತು ಕೇಳಿದರೆ ಆಗೋದು" ಅಂದರು ಮೇಷ್ಟ್ರು. ಹತ್ತಿರದಲ್ಲೇ ಮ್ರೊಂಗೊವೊ ಅನ್ನೋ ಊರಿದೆ. ಆ ಹೆಸರು ಬಂದದ್ದು ಮ್ರೊಂಗೊವಿಯುಶ್ ಅನ್ನೋ ಪಾದ್ರಿಯಿಂದ. 1764ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿ, ಜರ್ಮನ್-ಪೋಲಿಷ್ ನಿಘಂಟು ಮಾಡಿದ ಮನುಷ್ಯ. ಜರ್ಮನಿಯ ಕಾಲದಲ್ಲಿ ಆ ಊರಿಗೆ ಬೇರೆ ಹೆಸರಿತ್ತು. ಯುದ್ಧ ಮುಗಿದ ಮೇಲೆ ಇವನ ಹೆಸರಿಟ್ಟರು. ದಾರಿಯಲ್ಲಿ ಇದನ್ನು ಹೇಳಿದಾಗ ಮೇಷ್ಟ್ರು, "ನಮ್ಮ ಕಿಟೆಲ್ಲರೂ ಪಾದ್ರಿಯೇ. ನಿಘಂಟು ಬಂದದ್ದು 1894ರಲ್ಲಿ. ಅವರ ಹೆಸರಲ್ಲಿ ಒಂದು ಊರಿಟ್ಟಿದ್ದೀವಾ ನಾವು?" ಅಂತ ಅರ್ಧ ಗಂಟೆ ಕೊರಗಿದ್ದರು.

ಕಾಡಿಗೆ ಹೋದ ಹಸು ಆಮೇಲೆ ಸಿಕ್ಕಿತಾ ಅಂತ ಸೀನ ಕೇಳಿದ. ಸಿಕ್ಕಿತು ಅಂದರು ಅಜ್ಜಿ. ಅವರು ಕಿಟಕಿಯ ಕಡೆ ಕೈ ತೋರಿಸುತ್ತಾ ಮುಂದುವರಿಸಿದರು. ಆ ಸೇಬಿನ ಮರದ ಮನೆ, ವಿಯೆಹಾಲಿ. ಆ ಕೆಂಪು ಹೆಂಚಿನದು, ವಿಯೆಹಾಲಿ. ಅದರಾಚೆ ಈಗ ಬರೀ ಬುನಾದಿ ಇದೆಯಲ್ಲ, ವಿಯೆಹಾಲಿ. ತಮ್ಮ ಅಣ್ಣ, ವಿಯೆಹಾವ್.

ಲಚ್ಚಿ ಬಿಡಿಸಿ ಹೇಳಲಿಲ್ಲ. ಯೆಹಾಚ್‌ಗೆ ಒಂದು 'ವಿ' ಹಚ್ಚಿದ್ದು. ಹೊರಟು ಹೋದರು. ಇಷ್ಟು ಹೊತ್ತು ಒಂದೊಂದು ಪದಕ್ಕೆ ಹತ್ತು ಅರ್ಥ ಹುಡುಕಿದ್ದೆವು. ಆ ಹಳ್ಳಿಯಲ್ಲಿ ಆ ಪದಕ್ಕೆ ಒಂದೇ ಅರ್ಥ, ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಹಳೇ ಮಝೂರಿಯವರು ಅಂದರೆ ನೂರಾರು ವರ್ಷದ ಹಿಂದೆ ದಕ್ಷಿಣದ ಮಝೋವಿಯಾದಿಂದ ಬಂದು ಕಾಡು ಕಡಿದು ನೆಲೆಸಿದ ಜನ. ಮಾತು ಪೋಲಿಷಿನ ಸೋದರಿ, ಚರ್ಚು ಲೂಥರನದು, ಆಳಿದವರು ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯದವರು. 1920ರ ಜುಲೈಯಲ್ಲಿ ನೀವು ಯಾವ ಕಡೆ ಅಂತ ಮತ ಕೇಳಿದಾಗ ನೂರಕ್ಕೆ ತೊಂಬತ್ತೇಳಕ್ಕೂ ಜಾಸ್ತಿ ಮತ ಜರ್ಮನಿಯ ಕಡೆಗೇ ಬಿತ್ತು. 1945ರಲ್ಲಿ ಈ ನೆಲ ಪೋಲೆಂಡಿನದಾಯಿತು. ಪೂರ್ವದಿಂದ ಮನೆ ಕಳೆದುಕೊಂಡ ಪೋಲಿಷರು ಬಂದರು. 1947ರಲ್ಲಿ ಉಕ್ರೇನಿಯನ್ನರನ್ನು ಬಲವಂತದಿಂದ ತಂದು ಇಳಿಸಿದರು. ಹಳಬರು 1956ರ ಆಮೇಲೆ ಒಂದಷ್ಟು, 1970ರ ದಶಕದಲ್ಲಿ ಇನ್ನಷ್ಟು ಜರ್ಮನಿಗೆ ಹೊರಟರು. ಎದುರು ಬಾಗಿಲಿನಿಂದ ಒಬ್ಬರು, ಹಿಂದಿನ ಬಾಗಿಲಿನಿಂದ ಇನ್ನೊಬ್ಬರು.

ಮೇಷ್ಟ್ರು ಲಚ್ಚಿಯ ಬಾಯಲ್ಲಿ ಕೇಳಿಸಿದರು, "ತಾವು ಯಾಕೆ ಹೋಗಲಿಲ್ಲ?"

ಅಜ್ಜಿ ಅವರನ್ನೇ ಒಂದು ಗಳಿಗೆ ನೋಡಿದರು. ಇಷ್ಟು ಸುಲಭದ ವಿಷಯ ಗೊತ್ತಾಗಲಿಲ್ಲವಾ ಅನ್ನುವ ಹಾಗೆ. "ಹಸು ಕರೆಯೋರು ಯಾರು?"

ಸೀನ ಎದ್ದು ಹೋಗಿ ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟ. ಅಜ್ಜಿ ಒಂದು ಬಜ್ಜಿ ಬಾಯಿಗೆ ಹಾಕಿಕೊಂಡು ಖಾರಕ್ಕೆ ಕಣ್ಣು ಒರೆಸಿಕೊಂಡರು. ಇನ್ನೊಂದು ತಗೊಂಡರು.

ನಾಲ್ಕನೆಯ ಬೆಳಿಗ್ಗೆ ಹೊರಡಬೇಕು. ಸಾಮಾನು ಕಾರಿಗೆ ಹಾಕಿಯಾಗಿತ್ತು. ಮೇಷ್ಟ್ರದು ಒಂದೇ ಹಟ. "ಹೋಗ್ತೀವಿ ಅನ್ನಬಾರದು. ಹೋಗಿ ಬರ್ತೀವಿ ಅನ್ನಬೇಕು. ಆ ಅಮ್ಮನಿಗೆ ಹಾಗೇ ಹೇಳು ಸೀನ."

"ಅವರಲ್ಲಿ ಹಾಗೆ ಹೇಳೋ ರೂಢಿ ಇಲ್ಲ ಮೇಷ್ಟ್ರೇ" ಅಂದಳು ಲಚ್ಚಿ.

"ನಮ್ಮಲ್ಲಿ ಇದೆಯಲ್ಲ."

ಸೀನ ರಾತ್ರಿಯಿಡೀ ತಯಾರಿ ಮಾಡಿದ್ದ. ಈ ಸಲ ಕಾರು ಮರೆಯಲಿಲ್ಲ. ಕೈ ಮುಗಿದು, "ಯೆಜೆಮಿ ಇ ಪ್ಶಿಯೆಜ್ಜಾಮಿ" ಅಂದ. ಗಾಡಿಯಲ್ಲಿ ಹೋಗ್ತೀವಿ, ಗಾಡಿಯಲ್ಲಿ ಬರ್ತೀವಿ. ವ್ಯಾಕರಣ ಅಪ್ಪಟ.

ಮನೆಯೊಡತಿಯ ಮುಖ ಅರಳಿತು. ಒಳಗೆ ಹೋಗಿ ಕನ್ನಡಕ ಮತ್ತು ಬುಕಿಂಗಿನ ಪುಸ್ತಕ ತಂದರು. "ಯಾವಾಗ?" ಅಂದರು. ಆಗಸ್ಟ್ ಪೂರ್ತಿ ತುಂಬಿದೆ. ಸೆಪ್ಟೆಂಬರಿನ ಎರಡನೆಯ ವಾರ ಖಾಲಿ ಇದೆ. ನಾಲ್ಕು ಜನವೇ ಅಲ್ವಾ? ಬರೆದುಕೊಂಡೇ ಬಿಟ್ಟರು. ಸ್ವಲ್ಪ ಮುಂಗಡ ಕೊಟ್ಟರೆ ಒಳ್ಳೆಯದು.

ನಾವು ಮುಖ ಮುಖ ನೋಡಿಕೊಂಡೆವು. ಮೇಷ್ಟ್ರು ಮಾತ್ರ, "ಕೊಡಿ ಕೊಡಿ. ಆಡಿದ ಮಾತು" ಅಂದರು. ಸೆಪ್ಟೆಂಬರಿಗೆ ಅವರು ತೀರ್ಥಹಳ್ಳಿಯಲ್ಲಿರುತ್ತಾರೆ.

ಲಚ್ಚಿ ಸೀನನ ಕಡೆ ತಿರುಗಿದಳು. "ಕ್ಯಾಶ್ ಇದೆಯೇನೋ ನಿನ್ನ ಹತ್ತಿರ?"

ಸೀನ ಪರ್ಸು ತೆಗೆಯುತ್ತಾ ಗಟ್ಟಿಯಾಗಿ ಅಂದ, "ಇದೆ, ಇದೆ."

ಮನೆಯೊಡತಿ ಬರೆಯುವುದನ್ನು ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು, ಗೇಟಿನಲ್ಲಿ ನಿಂತ ಕಾರನ್ನು ನೋಡಿದರು, ಮತ್ತೆ ಅವನನ್ನು ನೋಡಿದರು.

"ನಡಕೊಂಡಾ?"